ಶಿವನಸಮುದ್ರವನ್ನು ಕಂಪನಿಗೆ ಕೊಡದ ದಿವಾನರು: ಸರ್ ಕೆ. ಶೇಷಾದ್ರಿ ಅಯ್ಯರ್

ಮುಂಬಯಿಯ ಯಾವುದೇ ಕನ್ನಡ ಸಂಘದ ಸಭೆಯಲ್ಲಿ ಅಕ್ಕಪಕ್ಕ ಕುಳಿತ ಮೂವರು ಸದಸ್ಯರ ವಿದ್ಯುತ್ ಬಿಲ್ಲುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸೋಜಿಗ ಕಾಣುತ್ತದೆ. ಫೋರ್ಟ್, ದಾದರ್ ಕಡೆಯವರ ಬಿಲ್ಲು ಮಹಾನಗರಪಾಲಿಕೆಯ ಬೆಸ್ಟ್ ಸಂಸ್ಥೆಯದು. ಅಂಧೇರಿ, ಬೊರಿವಲಿಯವರದು ಅದಾನಿ ಅಥವಾ ಟಾಟಾ ಕಂಪನಿಯದು. ಡೊಂಬಿವಲಿ, ಕಲ್ಯಾಣದವರದು ರಾಜ್ಯ ಸರ್ಕಾರದ ಮಹಾವಿತರಣ ಕಂಪನಿಯದು. ಬೆಳಕು ಒಂದೇ ಆದರೂ ಒಡೆಯರು ಬೇರೆ ಬೇರೆ. ವಿದ್ಯುತ್ತು, ನೀರು, ದೂರವಾಣಿ ಮುಂತಾದ ಎಲ್ಲರಿಗೂ ಬೇಕಾದ ಸೌಕರ್ಯಗಳು ಸರ್ಕಾರದ ಕೈಯಲ್ಲಿರಬೇಕೋ ಖಾಸಗಿಯವರ ಕೈಯಲ್ಲಿರಬೇಕೋ ಎಂಬ ಚರ್ಚೆ 1991ರ ಉದಾರೀಕರಣದ ನಂತರ ಜೋರಾಗಿದೆ. ಆದರೆ ಪ್ರಶ್ನೆ ಹೊಸದಲ್ಲ. ನೂರಿಪ್ಪತ್ತೈದು ವರ್ಷಗಳಿಗೂ ಹಿಂದೆ ಮೈಸೂರು ಸಂಸ್ಥಾನದ ದಿವಾನರೊಬ್ಬರು ಈ ಪ್ರಶ್ನೆಯನ್ನು ಒಮ್ಮೆಯಲ್ಲ, ಹಲವು ಬಾರಿ ಎದುರಿಸಿದ್ದರು. ಪ್ರತಿ ಬಾರಿಯೂ ಅವರು ಕಂಡುಕೊಂಡ ಉತ್ತರ ಒಂದೇ ಆಗಿರಲಿಲ್ಲ. ಅವರೇ ಸರ್ ಕೆ. ಶೇಷಾದ್ರಿ ಅಯ್ಯರ್.

ಬೆಂಗಳೂರಿನ ಶೇಷಾದ್ರಿಪುರ, ಶೇಷಾದ್ರಿ ರಸ್ತೆ, ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಗ್ರಂಥಾಲಯ ಇವೆಲ್ಲ ಅವರ ಹೆಸರು ಹೊತ್ತಿವೆ. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಎದುರು ಅವರ ಹೆಸರು ಇಂದು ಸ್ವಲ್ಪ ಮಸುಕಾಗಿದ್ದರೂ, ವಿಶ್ವೇಶ್ವರಯ್ಯನವರು ಕಟ್ಟಿದ ಮನೆಗೆ ಪಾಯ ಹಾಕಿದವರಲ್ಲಿ ಶೇಷಾದ್ರಿ ಅಯ್ಯರ್ ಮೊದಲಿಗರು.

ಪಾಲಕ್ಕಾಡಿನಿಂದ ಮೈಸೂರಿಗೆ

ಶೇಷಾದ್ರಿ ಅಯ್ಯರ್ ಕನ್ನಡ ನಾಡಿನಲ್ಲಿ ಹುಟ್ಟಿದವರಲ್ಲ. 1845ರ ಜೂನ್ 1ರಂದು ಪಾಲಕ್ಕಾಡಿನ ಸಮೀಪದ ಕುಮಾರಪುರದ ತಮಿಳು ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಕಲ್ಲಿಕೋಟೆಯಲ್ಲಿ ಶಾಲೆ ಓದಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ 1868ರಲ್ಲಿ ಬಿ.ಎ. ಪದವಿ ಪಡೆದರು. ಅದೇ ವರ್ಷ ಹಿರಿಯ ಮಿತ್ರರಾದ ಸಿ. ರಂಗಾಚಾರ್ಲು ಅವರ ಕರೆಯ ಮೇರೆಗೆ ಮೈಸೂರು ಸರ್ಕಾರದ ನೌಕರಿಗೆ ಸೇರಿದರು. ಹೊಟ್ಟೆಪಾಡಿಗೆ ಪರಊರಿಗೆ ಬಂದು, ಅಲ್ಲಿಯ ಭಾಷೆ ಕಲಿತು, ಅಲ್ಲಿಯೇ ಬೇರೂರಿದ ಜೀವನ ಅವರದು. ಮುಂಬಯಿ, ಪುಣೆ, ಚೆನ್ನೈಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ದಾರಿ ಅಪರಿಚಿತವಲ್ಲ.

ಆಗ ಮೈಸೂರು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ನ್ಯಾಯಾಂಗ ಮತ್ತು ಕಂದಾಯ ಇಲಾಖೆಗಳಲ್ಲಿ ಶೇಷಾದ್ರಿ ಅಯ್ಯರ್ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದರು. ನೌಕರಿಯಲ್ಲಿದ್ದುಕೊಂಡೇ 1874ರಲ್ಲಿ ಬಿ.ಎಲ್. ಪದವಿಯನ್ನೂ ಪಡೆದರು. ಇದೇ ಅವಧಿಯಲ್ಲಿ 1876ರಿಂದ 1878ರವರೆಗಿನ ಭೀಕರ ಬರಗಾಲ ಬಂತು. ಸಂಸ್ಥಾನದ ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗ ಅಳಿಯಿತು. ಧಾನ್ಯ ಬೇರೆಡೆ ಇದ್ದರೂ ಹಳ್ಳಿಗಳಿಗೆ ಸಾಗಿಸಲು ದಾರಿ ಇರಲಿಲ್ಲ. ರೈಲು, ರಸ್ತೆ, ಕೆರೆ ಕಾಲುವೆಗಳು ಅಲಂಕಾರದ ಸಾಮಗ್ರಿಗಳಲ್ಲ, ಜೀವ ಉಳಿಸುವ ಸಾಧನಗಳು ಎಂಬುದು ಆ ಎರಡು ವರ್ಷಗಳಲ್ಲಿ ಅಧಿಕಾರಿಗಳಿಗೆಲ್ಲ ಮನವರಿಕೆಯಾಯಿತು.

1881ರ ಮಾರ್ಚ್ 25ರಂದು ರಾಜ್ಯಾಡಳಿತ ಚಾಮರಾಜೇಂದ್ರ ಒಡೆಯರ್ ಅವರಿಗೆ ಮರಳಿ ಬಂತು. ರಂಗಾಚಾರ್ಲು ದಿವಾನರಾದರು. ಆದರೆ ಅವರು 1883ರ ಜನವರಿಯಲ್ಲಿ ತೀರಿಕೊಂಡರು. ಮಹಾರಾಜರು ದಿವಾನಗಿರಿಯನ್ನು ಒಪ್ಪಿಸಿದ್ದು 37 ವರ್ಷದ ಶೇಷಾದ್ರಿ ಅಯ್ಯರ್ ಅವರಿಗೆ. ಮುಂದಿನ 18 ವರ್ಷ ಅವರೇ ದಿವಾನರು. ಮೈಸೂರಿನಲ್ಲಿ ಅಷ್ಟು ದೀರ್ಘ ಕಾಲ ಆ ಹುದ್ದೆಯಲ್ಲಿದ್ದವರು ವಿರಳ.

ಕೈಬಿಟ್ಟ ರೈಲು, ಒಪ್ಪಿಸಿದ ಅಂಚೆ

ಹೊಸ ದಿವಾನರ ಕೈಗೆ ಸಿಕ್ಕಿದ್ದು ಸಾಲದ ಖಾತೆ. ಬರಗಾಲದ ಕಾಲದಲ್ಲಿ ಭಾರತ ಸರ್ಕಾರದಿಂದ ತಂದ 80 ಲಕ್ಷ ರೂಪಾಯಿ ಸಾಲ ತಲೆಯ ಮೇಲಿತ್ತು. ಅದರ ಜೊತೆಗೆ ಪ್ರತಿವರ್ಷ ಬ್ರಿಟಿಷರಿಗೆ ಕಪ್ಪ ಕಟ್ಟಬೇಕಿತ್ತು. 24 ಲಕ್ಷ 50 ಸಾವಿರವಿದ್ದ ಆ ಕಪ್ಪವನ್ನು 35 ಲಕ್ಷಕ್ಕೆ ಏರಿಸುವುದೆಂದು ರಾಜ್ಯ ಹಿಂದಿರುಗಿಸುವಾಗಲೇ ನಿಗದಿಯಾಗಿತ್ತು. ಅದನ್ನು ಕೆಲ ವರ್ಷ ಮುಂದೂಡಲಾಗಿತ್ತಷ್ಟೇ.

ಈ ಪರಿಸ್ಥಿತಿಯಲ್ಲಿ ಮೊದಲ ಪರೀಕ್ಷೆ ಬಂದದ್ದು ರೈಲಿನ ವಿಷಯದಲ್ಲಿ. ಬೆಂಗಳೂರು–ಮೈಸೂರು ರೈಲು ಮಾರ್ಗವನ್ನು ಸಂಸ್ಥಾನ ತನ್ನ ಸ್ವಂತ ಹಣದಲ್ಲಿ ಹಾಕಿಸಿತ್ತು. ಅದು 1882ರಲ್ಲಿ ಪೂರ್ಣಗೊಂಡಿತ್ತು. ಮಾರ್ಗವನ್ನು ತುಮಕೂರು ಕಡೆಯಿಂದ ಹರಿಹರದವರೆಗೆ ಮುಂದುವರಿಸಿದರೆ ಉತ್ತರದ ಧಾನ್ಯದ ಮಾರುಕಟ್ಟೆಗಳಿಗೂ ಮುಂಬಯಿ ಪ್ರಾಂತಕ್ಕೂ ಸಂಪರ್ಕ ಸಿಗುತ್ತಿತ್ತು. ಆದರೆ ಬೊಕ್ಕಸದಲ್ಲಿ ಹಣವಿಲ್ಲ. ಕೊನೆಗೆ 1886ರಲ್ಲಿ ಸಂಸ್ಥಾನದ ರೈಲನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಅಡವಿಟ್ಟಂತೆ ಒಪ್ಪಿಸಿ, ಇಂಗ್ಲೆಂಡಿನಲ್ಲಿ ಸಾಲ ಎತ್ತಲಾಯಿತು. 1889ರಲ್ಲಿ ಮಾರ್ಗ ಹರಿಹರ ಮುಟ್ಟಿತು. ಜನರಿಗೆ ರೈಲು ಸಿಕ್ಕಿದ್ದು ನಿಜ. ಆದರೆ ಬಡ್ಡಿಯ ಹೊಣೆ ಮೈಸೂರಿನದು, ರೈಲು ಓಡಿಸುವ ಅಧಿಕಾರ ಕಂಪನಿಯದು ಎಂಬ ಸ್ಥಿತಿ ಬಂತು. ಆ ಅಧಿಕಾರವನ್ನು ಮೈಸೂರು ಮರಳಿ ಪಡೆಯಲು 1919ರವರೆಗೆ ಕಾಯಬೇಕಾಯಿತು.

ಎರಡನೆಯದು ಅಂಚೆ. ಇಂದಿನ ದೂರವಾಣಿ, ಅಂತರಜಾಲಗಳ ಜಾಗದಲ್ಲಿ ಆಗ ಇದ್ದದ್ದು ಅಂಚೆಯೇ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 17ನೇ ಶತಮಾನದಲ್ಲಿ, ಆರಂಭವಾದ ಮೈಸೂರು ಅಂಚೆ ಸಂಸ್ಥಾನದ ಹೆಮ್ಮೆಯ ಸಂಗತಿಯಾಗಿತ್ತು. ಬ್ರಿಟಿಷ್ ಅಂಚೆಗಿಂತಲೂ ಅದು ಎಷ್ಟೋ ಹಳೆಯದು. 1889ರಲ್ಲಿ ಅದನ್ನು ಬ್ರಿಟಿಷ್ ಭಾರತದ ಅಂಚೆ ಇಲಾಖೆಯಲ್ಲಿ ವಿಲೀನಗೊಳಿಸಲಾಯಿತು. ಒಂದು ಚೀಟಿ ಒಂದೇ ದರದಲ್ಲಿ ದೇಶದ ಉದ್ದಗಲಕ್ಕೂ ಹೋಗುವ ಅನುಕೂಲ ಜನರಿಗೆ ದೊರೆಯಿತು. ಆದರೆ ಸಂಸ್ಥಾನದ್ದೇ ಆದ ಹಳೆಯ ಸಂಸ್ಥೆಯೊಂದು ಕಣ್ಮರೆಯಾಯಿತು. ಅಂಚೆ ಖಾಸಗಿಯವರಿಗೆ ಹೋಗಲಿಲ್ಲ, ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ ಹೋಯಿತು. ಆದರೂ ದರ, ಕಚೇರಿ, ನೌಕರಿ ಇವುಗಳ ತೀರ್ಮಾನ ಮೈಸೂರಿನಿಂದ ಬಹು ದೂರ ಸರಿಯಿತು.

ಈ ಎರಡು ಪ್ರಸಂಗಗಳನ್ನು ನೋಡಿದರೆ ಶೇಷಾದ್ರಿ ಅಯ್ಯರ್ ಎಲ್ಲವೂ ಸರ್ಕಾರದ್ದೇ ಆಗಿರಬೇಕೆಂದು ಹಟ ಹಿಡಿದವರಲ್ಲ ಎಂಬುದು ಸ್ಪಷ್ಟ. ಕೈಯಲ್ಲಿ ಹಣವಿಲ್ಲದಾಗ ಅವರು ಕಂಪನಿಯನ್ನು ಕರೆದರು. ಕೋಲಾರದ ಚಿನ್ನದ ಗಣಿಗಳನ್ನೂ ಇಂಗ್ಲಿಷ್ ಕಂಪನಿಗಳೇ ನಡೆಸಿದವು. ಸರ್ಕಾರ ರಾಜಧನ ಮಾತ್ರ ಪಡೆಯುತ್ತಿತ್ತು. ಆ ರಾಜಧನ, ಕಂದಾಯ, ಬಿಗಿಯಾದ ಖರ್ಚು ಇವುಗಳಿಂದ ಬೊಕ್ಕಸ ನಿಧಾನವಾಗಿ ತುಂಬಿತು. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರ್ ಕಲ್ಕತ್ತೆಯಲ್ಲಿ ಅಕಾಲ ಮರಣಕ್ಕೆ ತುತ್ತಾದ ಹೊತ್ತಿಗೆ ಸಂಸ್ಥಾನದ ಶಿಲ್ಕು ಕೋಟಿ ರೂಪಾಯಿ ದಾಟಿತ್ತು. ಯುವರಾಜರು ಇನ್ನೂ ಬಾಲಕರಾಗಿದ್ದುದರಿಂದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾದರು. ದಿವಾನರ ಹೊಣೆ ಇನ್ನೂ ಹೆಚ್ಚಿತು.

ಕೈಯಲ್ಲಿ ಹಣ ಬಂದ ಮೇಲೆ

ಕೈಯಲ್ಲಿ ಹಣ ಸೇರಿದಂತೆ ದಿವಾನರ ತೀರ್ಮಾನಗಳ ದಿಕ್ಕು ಬದಲಾದದ್ದು ಕಾಣುತ್ತದೆ. ಬೌರಿಂಗ್‌ಪೇಟೆಯಿಂದ (ಇಂದಿನ ಬಂಗಾರಪೇಟೆ) ಚಿನ್ನದ ಗಣಿಗಳಿಗೆ ಹೋಗುವ ರೈಲು ಹಳಿಯನ್ನು 1894ರಲ್ಲಿ ಸಂಸ್ಥಾನವೇ ತನ್ನ ಹಣದಲ್ಲಿ ಹಾಕಿತು. ಬೆಂಗಳೂರಿನ ಕುಡಿಯುವ ನೀರಿಗಾಗಿ ಅರ್ಕಾವತಿಗೆ ಅಡ್ಡಲಾಗಿದ್ದ ಹೆಸರಘಟ್ಟದ ಕೆರೆಯನ್ನು ಆಧರಿಸಿ ಚಾಮರಾಜೇಂದ್ರ ಜಲಕಾರ್ಯ ಯೋಜನೆ ರೂಪುಗೊಂಡಿತು. 1896ರಲ್ಲಿ ನೀರು ಹರಿಯಿತು. ಅಲ್ಲಿಯವರೆಗೆ ಧರ್ಮಾಂಬುಧಿ, ಸಂಪಂಗಿ, ಹಲಸೂರು ಕೆರೆಗಳನ್ನೂ ಬಾವಿಗಳನ್ನೂ ನಂಬಿದ್ದ ಊರಿಗೆ ಕೊಳಾಯಿ ನೀರು ಬಂದದ್ದು ಹೀಗೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಸಾವಿರಾರು ಜನ ಸತ್ತರು, ಪೇಟೆ ಖಾಲಿಯಾಯಿತು. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರಗೆ ನೆಲೆಗೊಳಿಸಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಪ್ಲೇಗು ನಿವಾರಣೆಯ ಕೆಲಸವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ತಿಳಿಸಲು ಊರಿನಲ್ಲಿ ದೂರವಾಣಿ ತಂತಿಗಳನ್ನು ಎಳೆಯಲಾಯಿತು. ಬೆಂಗಳೂರಿನ ದೂರವಾಣಿಯ ಮೊದಲ ಉಪಯೋಗಗಳಲ್ಲಿ ಒಂದು ವ್ಯಾಪಾರದ ಮಾತಾಗಿರಲಿಲ್ಲ, ರೋಗದ ಸುದ್ದಿಯಾಗಿತ್ತು. ಲಾಭ ನೋಡಿಯೇ ತಂತಿ ಎಳೆಯುವವರು ಪ್ಲೇಗಿನ ಊರಿಗೆ ಬರಲು ಹಿಂದೆ ಮುಂದೆ ನೋಡುತ್ತಿದ್ದರು. ಸರ್ಕಾರಕ್ಕೆ ಆ ಆಯ್ಕೆ ಇರಲಿಲ್ಲ.

ಜಲಪಾತದ ಲೆಕ್ಕ

ಶೇಷಾದ್ರಿ ಅಯ್ಯರ್ ಅವರ ಬದುಕಿನ ದೊಡ್ಡ ತೀರ್ಮಾನ ಶಿವನಸಮುದ್ರದ್ದು. ಕಾವೇರಿ ಅಲ್ಲಿ ಎರಡು ಕವಲಾಗಿ ಗಗನಚುಕ್ಕಿ, ಭರಚುಕ್ಕಿಗಳಲ್ಲಿ ಧುಮುಕುತ್ತದೆ. ಆ ನೀರಿನ ಬಲದಿಂದ ವಿದ್ಯುತ್ತು ತೆಗೆಯಲು ಅನುಮತಿ ಕೋರಿ 1890ರ ದಶಕದಲ್ಲಿ ಖಾಸಗಿಯವರು ಮುಂದೆ ಬಂದಿದ್ದರು. ಅನುಮತಿ ಕೊಟ್ಟು, ವರ್ಷಕ್ಕಿಷ್ಟು ಎಂದು ಬಾಡಿಗೆ ಪಡೆದು ಸುಮ್ಮನಿದ್ದರೆ ಸಂಸ್ಥಾನಕ್ಕೆ ಯಾವ ಅಪಾಯವೂ ಇರಲಿಲ್ಲ. ಆಗ ಭಾರತದಲ್ಲಿ ಜಲವಿದ್ಯುತ್ತಿನ ಅನುಭವವೇ ಇರಲಿಲ್ಲ ಎನ್ನಬೇಕು. 1897ರಲ್ಲಿ ಡಾರ್ಜಿಲಿಂಗಿನಲ್ಲಿ ಊರಿನ ದೀಪಗಳಿಗಾಗಿ ಒಂದು ಸಣ್ಣ ಘಟಕ ಆರಂಭವಾಗಿತ್ತು, ಅಷ್ಟೇ.

ಮೈಸೂರು ಸರ್ಕಾರ ಈ ಕೆಲಸವನ್ನು ತಾನೇ ಮಾಡಲು ನಿರ್ಧರಿಸಿತು. ಸಂಸ್ಥಾನದ ಉಪ ಮುಖ್ಯ ಇಂಜಿನಿಯರ್ ಆಗಿದ್ದ ಕ್ಯಾಪ್ಟನ್ ಜೋಲಿ ದ ಲಾಟ್ಬಿನಿಯರ್ ಯೋಜನೆ ತಯಾರಿಸಿ, ಯುರೋಪು, ಅಮೆರಿಕಗಳಿಗೆ ಹೋಗಿ ಅಲ್ಲಿಯ ವಿದ್ಯುದಾಗಾರಗಳನ್ನು ನೋಡಿ ಬಂದರು. ನದಿಯ ಇನ್ನೊಂದು ದಡ ಮದರಾಸು ಪ್ರಾಂತದ್ದಾದ್ದರಿಂದ ಮದರಾಸು ಸರ್ಕಾರದ ಒಪ್ಪಿಗೆ ಬೇಕಿತ್ತು. ಅದರ ಮೇಲೆ ಭಾರತ ಸರ್ಕಾರದ ಒಪ್ಪಿಗೆಯೂ ಬೇಕಿತ್ತು. ಕಾಗದಪತ್ರಗಳ ಈ ದಾರಿಯನ್ನು ಸವೆಸಿದವರು ದಿವಾನರು.

ಇಲ್ಲಿ ಅವರ ಲೆಕ್ಕದ ಬುದ್ಧಿ ಎದ್ದು ಕಾಣುತ್ತದೆ. ವಿದ್ಯುತ್ತು ತಯಾರಿಸುವುದು ಒಂದು ಕೆಲಸ, ಅದನ್ನು ಕೊಳ್ಳುವವರನ್ನು ಹುಡುಕುವುದು ಇನ್ನೊಂದು. ಕೋಲಾರದ ಗಣಿಗಳು ಆಗ ಸೌದೆ, ಕಲ್ಲಿದ್ದಲು ಸುಟ್ಟು ಉಗಿಯಂತ್ರಗಳನ್ನು ನಡೆಸುತ್ತಿದ್ದವು. ಅವುಗಳಿಗೆ ಇಂಧನದ ಖರ್ಚು ಭಾರವಾಗಿತ್ತು. ಗಣಿಗಳನ್ನು ನಡೆಸುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯೊಡನೆ ಸರ್ಕಾರ ಮೊದಲೇ ಕರಾರು ಮಾಡಿಕೊಂಡಿತು. 4,000 ಅಶ್ವಶಕ್ತಿಯಷ್ಟು ವಿದ್ಯುತ್ತನ್ನು ಗಣಿಗಳು ಕೊಳ್ಳಬೇಕು. ಆರಂಭದಲ್ಲಿ ದರ ಹೆಚ್ಚು, ವರ್ಷಗಳು ಕಳೆದಂತೆ ಹಂತಹಂತವಾಗಿ ಕಡಿಮೆ. ಹೀಗೆ ಬಂಡವಾಳ ಬೇಗ ಹಿಂದಿರುಗುವ ವ್ಯವಸ್ಥೆಯಾಯಿತು. ಖಾಸಗಿ ಕಂಪನಿಯನ್ನು ಸರ್ಕಾರ ದೂರವಿಡಲಿಲ್ಲ. ಜಲಪಾತದ ಒಡೆತನ ಕೊಡುವ ಬದಲು ಅದನ್ನು ಗಿರಾಕಿಯನ್ನಾಗಿ ಮಾಡಿಕೊಂಡಿತು. ವಿದ್ಯುತ್ ಯಂತ್ರಗಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ, ನೀರಿನ ಟರ್ಬೈನುಗಳನ್ನು ಸ್ವಿಟ್ಜರ್ಲೆಂಡಿನ ಎಶರ್ ವೀಸ್ ಕಂಪನಿಯಿಂದ ತರಿಸಲಾಯಿತು. ಅಂದರೆ ಯಂತ್ರ ಕೊಟ್ಟದ್ದು ಖಾಸಗಿ, ಕೊಂಡದ್ದು ಖಾಸಗಿ, ನಡುವಿನ ನೀರು, ಆಗಾರ, ತಂತಿ ಮಾತ್ರ ಸರ್ಕಾರದ್ದು.

ಭಾರವಾದ ಯಂತ್ರಗಳನ್ನು ರೈಲಿನಿಂದ ಇಳಿಸಿ ಎತ್ತಿನ ಗಾಡಿ, ಆನೆಗಳ ಸಹಾಯದಿಂದ ಜಲಪಾತದ ಬಳಿಗೆ ಸಾಗಿಸಲಾಯಿತು. 1902ರ ಜೂನ್ 30ರಂದು ವಿದ್ಯುತ್ತು 92 ಮೈಲಿ ದೂರದ ಕೋಲಾರ ಗಣಿಗಳನ್ನು ಮುಟ್ಟಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. 1908ರಲ್ಲಿ ಮೈಸೂರು ನಗರಕ್ಕೂ ಬೆಳಕು ಬಂತು.

ಇವೊಂದನ್ನೂ ಶೇಷಾದ್ರಿ ಅಯ್ಯರ್ ಕಣ್ಣಾರೆ ನೋಡಲಿಲ್ಲ. ಆರೋಗ್ಯ ಕೆಟ್ಟು 1901ರ ಮಾರ್ಚಿನಲ್ಲಿ ನಿವೃತ್ತರಾದ ಅವರು ಅದೇ ವರ್ಷ ಸೆಪ್ಟೆಂಬರ್ 13ರಂದು, 56ನೇ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ನಿಧನರಾದರು. ತಂತಿಯಲ್ಲಿ ವಿದ್ಯುತ್ತು ಹರಿದದ್ದು ಅದಾಗಿ ಒಂಬತ್ತು ತಿಂಗಳ ನಂತರ. ಶಿವನಸಮುದ್ರದ ವಿದ್ಯುದಾಗಾರ ಇಂದು ಅವರ ಹೆಸರನ್ನೇ ಹೊತ್ತಿದೆ.

ಆಕ್ಷೇಪಗಳೂ ಇದ್ದವು

ಅವರನ್ನು ಎಲ್ಲರೂ ಮೆಚ್ಚಿದರೆಂದು ಹೇಳಿದರೆ ಸುಳ್ಳಾಗುತ್ತದೆ. ಮದರಾಸು ಕಡೆಯಿಂದ ಅಧಿಕಾರಿಗಳನ್ನು ತಂದು ತುಂಬಿದರು, ಮಣ್ಣಿನ ಮಕ್ಕಳಿಗೆ ಅವಕಾಶ ಸಿಗಲಿಲ್ಲ ಎಂಬ ದೂರು ಅವರ ಕಾಲದಲ್ಲಿ ಬಲವಾಗಿ ಕೇಳಿಬಂದಿತ್ತು. ಮೈಸೂರಿಗ, ಮದರಾಸಿಗ ಎಂಬ ಒಳಜಗಳ ಅವರ ನಂತರವೂ ಬಹಳ ವರ್ಷ ನಡೆಯಿತು. ಮೊದಲ ಬೆಳಕು ಹೋದದ್ದು ಇಂಗ್ಲಿಷ್ ಗಣಿ ಕಂಪನಿಗೆ, ಜಲಪಾತದ ಪಕ್ಕದ ಹಳ್ಳಿಗಳು ಎಷ್ಟೋ ಕಾಲ ಎಣ್ಣೆ ದೀಪದಲ್ಲೇ ಉಳಿದವು ಎಂಬುದೂ ತಳ್ಳಿಹಾಕುವ ಮಾತಲ್ಲ.

ಇನ್ನೊಂದು ಮಾತು. ಸಂಸ್ಥಾನದ ಒಡೆತನವೆಂದರೆ ಇಂದಿನ ಅರ್ಥದಲ್ಲಿ ಪ್ರಜೆಗಳ ಒಡೆತನವಾಗಿರಲಿಲ್ಲ. ಆದರೂ ಒಂದು ಕಟ್ಟುಪಾಡು ಇತ್ತು. ಪ್ರತಿವರ್ಷ ದಸರಾ ಸಮಯದಲ್ಲಿ ಸೇರುತ್ತಿದ್ದ ಪ್ರಜಾಪ್ರತಿನಿಧಿ ಸಭೆಯ ಮುಂದೆ ದಿವಾನರು ಜಮಾ ಖರ್ಚಿನ ವಿವರ ಓದಬೇಕಿತ್ತು. ಸಭೆಗೆ ಮತ ಹಾಕುವ ಅಧಿಕಾರ ಇರಲಿಲ್ಲ, ಅಹವಾಲು ಹೇಳಿಕೊಳ್ಳಬಹುದಿತ್ತು ಅಷ್ಟೇ. ಸಂಘ ಸಂಸ್ಥೆಗಳ ವಾರ್ಷಿಕ ಮಹಾಸಭೆ ನಡೆಸಿದವರಿಗೆ ಇದರ ಬೆಲೆ ಗೊತ್ತಿರುತ್ತದೆ. ಲೆಕ್ಕ ನಾಲ್ಕು ಜನರ ಮುಂದೆ ಓದಬೇಕೆಂದಾಗ ಲೆಕ್ಕ ಬರೆಯುವ ಕೈ ಹುಷಾರಾಗಿರುತ್ತದೆ.

ಎರಡು ಊರು, ಎರಡು ದಾರಿ

ಬೆಂಗಳೂರಿನ ಬೀದಿಗೆ ಸರ್ಕಾರದ ವಿದ್ಯುತ್ತು ಬಂದ 1905ರಲ್ಲೇ ಮುಂಬಯಿಯಲ್ಲಿ ಬಾಂಬೆ ಎಲೆಕ್ಟ್ರಿಕ್ ಸಪ್ಲೈ ಅಂಡ್ ಟ್ರಾಮ್ವೇಸ್ ಎಂಬ ಖಾಸಗಿ ಕಂಪನಿ ಸ್ಥಾಪನೆಯಾಯಿತು. ಟಾಟಾ ಜಲವಿದ್ಯುತ್ ಕಂಪನಿಯ ಖೋಪೋಲಿ ಆಗಾರ 1915ರಲ್ಲಿ ಗಿರಣಿಗಳಿಗೆ ವಿದ್ಯುತ್ತು ಕೊಡತೊಡಗಿತು. ಮುಂಬಯಿ ಗಿರಣಿಗಳಲ್ಲಿ ದುಡಿದ ಕನ್ನಡಿಗರ ಎದುರು ತಿರುಗಿದ ಯಂತ್ರಗಳಿಗೆ ಸಹ್ಯಾದ್ರಿಯ ಈ ನೀರೂ ಶಕ್ತಿ ಕೊಟ್ಟಿದೆ. ಖಾಸಗಿಯವರಿಂದ ಈ ಕೆಲಸ ಆಗುವುದಿಲ್ಲ ಎನ್ನುವವರಿಗೆ ಟಾಟಾ ಸಂಸ್ಥೆಯೇ ಉತ್ತರ. ಆದರೆ ಮುಂಬಯಿಯ ಮಹಾನಗರಪಾಲಿಕೆ 1947ರ ಆಗಸ್ಟ್ 7ರಂದು ಟ್ರಾಮ್ ಮತ್ತು ವಿದ್ಯುತ್ ಕಂಪನಿಯನ್ನು ಹಣ ಕೊಟ್ಟು ತನ್ನದಾಗಿಸಿಕೊಂಡಿತು. ಮೈಸೂರು ಮೊದಲೇ ಇಟ್ಟುಕೊಂಡದ್ದನ್ನು ಮುಂಬಯಿ 42 ವರ್ಷಗಳ ನಂತರ ಕೊಂಡುಕೊಂಡಿತು.

ಮೈಸೂರಿಗೆ ಇದರಿಂದ ಆದ ಲಾಭ ವಿದ್ಯುತ್ತಿನ ಹಣ ಮಾತ್ರವಲ್ಲ. ಬೇಸಿಗೆಯಲ್ಲಿ ಕಾವೇರಿ ಬತ್ತಿದಾಗ ಶಿವನಸಮುದ್ರದ ಯಂತ್ರಗಳಿಗೆ ನೀರು ಸಾಲುತ್ತಿರಲಿಲ್ಲ. ಮೇಲುಗಡೆ ಒಂದು ದೊಡ್ಡ ಜಲಾಶಯ ಬೇಕೆಂಬ ವಾದಕ್ಕೆ ಇದು ಬಲ ಕೊಟ್ಟಿತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನು ವಿಶ್ವೇಶ್ವರಯ್ಯನವರು ಸಮರ್ಥಿಸಿದಾಗ ಗಣಿಗಳಿಗೆ ಮಾರುವ ವಿದ್ಯುತ್ತಿನ ಆದಾಯವೂ ಆ ಲೆಕ್ಕದಲ್ಲಿತ್ತು. ಅದೇ ಕಟ್ಟೆಯ ನೀರು ಮಂಡ್ಯದ ಗದ್ದೆಗಳಿಗೆ ಹರಿಯಿತು. ಜಲಪಾತ ಕಂಪನಿಯ ಕೈಯಲ್ಲಿದ್ದಿದ್ದರೆ ವಿದ್ಯುತ್ತಿನ ಲಾಭ ಪಾಲುದಾರರಿಗೆ ಹೋಗುತ್ತಿತ್ತು. ರೈತನ ಕಾಲುವೆಯನ್ನೂ ಗಣಿಯ ತಂತಿಯನ್ನೂ ಒಂದೇ ಖಾತೆಯಲ್ಲಿ ಬರೆಯುವ ಅನುಕೂಲ ಇರುತ್ತಿರಲಿಲ್ಲ.

ಹಾಗೆಂದು ಸರ್ಕಾರಿ ಒಡೆತನ ಎಲ್ಲ ರೋಗಕ್ಕೂ ಮದ್ದಲ್ಲ. ಶಿವನಸಮುದ್ರದ ಮೊದಲ ಗಿರಾಕಿಯಾದ ಕೋಲಾರದ ಗಣಿಗಳನ್ನೇ 1956ರಲ್ಲಿ ಸರ್ಕಾರ ವಹಿಸಿಕೊಂಡಿತು. ಚಿನ್ನ ಆಳಕ್ಕಿಳಿದು, ಖರ್ಚು ಏರಿ, 2001ರಲ್ಲಿ ಅವು ಮುಚ್ಚಿದವು. ಸರ್ಕಾರಿ ದೂರವಾಣಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ದಿನಗಳು ಹಿರಿಯ ಸದಸ್ಯರಿಗೆ ಮರೆತಿಲ್ಲ. ಖಾಸಗಿ ಮೊಬೈಲು ಬಂದ ಮೇಲೆ ಆ ಕಾಯುವಿಕೆ ತಪ್ಪಿದ್ದೂ ಅಷ್ಟೇ ನಿಜ.

ಶೇಷಾದ್ರಿ ಅಯ್ಯರ್ ಅವರ ಜೀವನ ಹೇಳುವುದು ಇದರ ನಡುವಿನ ಮಾತನ್ನು. ಒಂದು ನದಿಗೆ ಒಂದೇ ಜಲಪಾತ, ಒಂದು ಊರಿಗೆ ಒಂದೇ ಕೊಳಾಯಿ ಮಾರ್ಗ. ಗಿರಾಕಿಗೆ ಬೇರೆ ಅಂಗಡಿಯೇ ಇಲ್ಲದ ಕಡೆ ಒಡೆತನ ಸಾರ್ವಜನಿಕರ ಕೈಯಲ್ಲಿರುವುದು ಕ್ಷೇಮ. ಆದರೆ ಒಡೆತನ ಉಳಿಸಿಕೊಳ್ಳಲು ಬೊಕ್ಕಸದಲ್ಲಿ ಹಣ, ಕೆಲಸ ಬಲ್ಲ ಜನ, ತೆರೆದ ಲೆಕ್ಕ ಮೂರೂ ಬೇಕು. 1886ರಲ್ಲಿ ಹಣವಿರಲಿಲ್ಲ, ರೈಲು ಕೈಬಿಟ್ಟಿತು. ಹದಿಮೂರು ವರ್ಷಗಳ ನಂತರ ಹಣವಿತ್ತು, ಜಲಪಾತ ಉಳಿಯಿತು. ಕೈಬಿಟ್ಟ ರೈಲನ್ನು ಮರಳಿ ಪಡೆಯಲು 33 ವರ್ಷ ಹಿಡಿಯಿತು ಎಂಬುದನ್ನು, ಇಂದು ಯಾವುದೇ ಸಾರ್ವಜನಿಕ ಸಂಸ್ಥೆಯನ್ನು ಮಾರುವ ಅಥವಾ ಕೊಳ್ಳುವ ಮಾತು ಬಂದಾಗ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಒಳ್ಳೆಯದು.